ಬಲಬದಿಯಲ್ಲೇ ಇರು

೨೦೨೫ರ ಜೂನ್ ೨೯, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಶಿಶಿರ್ ಶೆಟ್ಟಿಯ ಊಟದ ಮೇಜಿನ ಮೇಲೆ ಇನ್ನೊಬ್ಬ ಗಂಡಸು ಅವನ ಹೆಂಡತಿಯನ್ನು ಹೆಸರು ಹಿಡಿದು ಕರೆದ.

"ದೀಕ್ಷು, ಇನ್ನೂರು ಮೀಟರ್ ಕಳೆದು ಎಡಕ್ಕೆ."

ದನಿ ಬಂದದ್ದು ಫೋನಿನಿಂದ. ದೀಕ್ಷಿತಾ ನೀರುದೋಸೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ಒತ್ತಿದಳು. "ದೀಕ್ಷು, ವೃತ್ತದಲ್ಲಿ ಎರಡನೇ ದಾರಿ" ಎಂದಿತು ಅದೇ ದನಿ, ಅಪ್ಪಟ ತುಳುವಿನಲ್ಲಿ, ಯಾವ ಅವಸರವೂ ಇಲ್ಲದೆ. ಅವಳು ನಕ್ಕಳು. ಶಿಶಿರ್ ಚಟ್ನಿ ಬಡಿಸಿಕೊಂಡ. ಅಷ್ಟೊತ್ತಿಗಾಗಲೇ ಅವನ ತಟ್ಟೆಯಲ್ಲಿ ಬೇಕಾದಷ್ಟು ಚಟ್ನಿ ಇತ್ತು.

ದನಿ ರೋಹಿತನದು. ರೋಹಿತ್ ಅಂದರೆ ದೀಕ್ಷಿತಾಳ ಸೋದರಮಾವನ ಮಗ, ಅವಳ ಬಾಯಲ್ಲಿ ರೋಹಿತ್ ಭಾವ. ಒಮಾನ್ ದೇಶದ ತೆಂಕು ತುದಿಯಲ್ಲಿರುವ ಸಲಾಲಾ ಎಂಬ ಊರಿನಲ್ಲಿ ಹೋಟೆಲು ನೋಡಿಕೊಂಡಿದ್ದಾನೆ. ಆಗಸ್ಟಿನಲ್ಲಿ ಗಂಡಹೆಂಡತಿ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಆ ಸಮಯದಲ್ಲಿ ಸಲಾಲಾದ ಗುಡ್ಡಗಳಿಗೆ ಜಿಟಿಜಿಟಿ ಮಳೆ ಬಂದು ಹಸಿರು ಹತ್ತುತ್ತದೆಯಂತೆ, ಅದನ್ನು ನೋಡಲಿಕ್ಕೆ ಇಡೀ ಕೊಲ್ಲಿಯ ಜನ ಕಾರು ಕಟ್ಟಿಕೊಂಡು ಬರುತ್ತಾರಂತೆ. ಮೂಡುಬಿದಿರೆಯವರು ಟಿಕೇಟು ತೆಗೆದು ಮಳೆ ನೋಡಲಿಕ್ಕೆ ಹೋಗುವುದು ಯಾವ ಬುದ್ಧಿ ಎಂದು ಶಿಶಿರನ ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಿದ್ದರು. ಆದರೆ ದೀಕ್ಷಿತಾಳಿಗೆ ಬೇಕಾದದ್ದು ಮಳೆ ಅಲ್ಲ, ರಸ್ತೆ. ಮಸ್ಕತ್‌ನಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು, ಸಾವಿರ ಕಿಲೋಮೀಟರು ಮರಳುಗಾಡನ್ನು ತಾನೇ ಓಡಿಸಿಕೊಂಡು ದಾಟಬೇಕು. ಹೊರದೇಶದಲ್ಲಿ ಓಡಿಸುವ ಪರವಾನಗಿ ಅವಳ ಕೈ ಸೇರಿತ್ತು.

ಓಡಿಸುವವಳು ಅವಳೇ, ಏಕೆಂದರೆ ಶಿಶಿರನಿಗೆ ಕಾರು ಬರುವುದಿಲ್ಲ. ಮೂಡುಬಿದಿರೆಯ ಒಂದು ಪಿಯು ಕಾಲೇಜಿನಲ್ಲಿ ಅವನು ಭೌತಶಾಸ್ತ್ರ ಕಲಿಸುತ್ತಾನೆ. ಟಯರಿಗೂ ಡಾಮರಿಗೂ ನಡುವಿನ ಘರ್ಷಣೆಯನ್ನು ಬೋರ್ಡಿನ ಮೇಲೆ ಮಕ್ಕಳ ತಲೆಗೆ ಇಳಿಯುವ ಹಾಗೆ ವಿವರಿಸಬಲ್ಲ. ಸ್ಟಿಯರಿಂಗ್ ಹಿಡಿದರೆ ಮಾತ್ರ ಅಂಗೈ ಬೆವರುತ್ತದೆ. ಎರಡು ಸಲ ಡ್ರೈವಿಂಗ್ ಸ್ಕೂಲಿಗೆ ಸೇರಿ, ಎರಡು ಸಲವೂ ಬಿಟ್ಟು, ಸ್ಕೂಟರಿನಲ್ಲೇ ಉಳಿದುಕೊಂಡ. ದೀಕ್ಷಿತಾ ಹಾಗಲ್ಲ. ತೋಡಾರಿನ ಹತ್ತಿರದ ಒಂದು ಮೈದಾನದಲ್ಲಿ, ಹದಿನೆಂಟು ತುಂಬಿದ ವರ್ಷ, ಹಳೆಯ ಜೀಪಿನಲ್ಲಿ ಕಲಿತವಳು. ಕಲಿಸಿದವನು ರೋಹಿತ್.

ಇಷ್ಟೇ ಆಗಿದ್ದರೆ ಶಿಶಿರ್ ನುಂಗಿಕೊಳ್ಳುತ್ತಿದ್ದ. ಆದರೆ ಅವರ ಕಡೆಯಲ್ಲಿ ಸೋದರಮಾವನ ಮಗನೆಂದರೆ ಹೆಣ್ಣು ಕೇಳುವ ಮೊದಲ ಹಕ್ಕಿನವನು. ದೀಕ್ಷಿತಾ ಹುಟ್ಟಿದಾಗಲೇ ಅಳದಂಗಡಿಯ ಅವಳ ತವರುಮನೆಯಲ್ಲಿ ಆ ಮಾತು ಆಗಿತ್ತು. ಆಮೇಲೆ ಜಾತಕ ತೋರಿಸಿದಾಗ ಕೂಡಿಬರಲಿಲ್ಲ. ರೋಹಿತ್ ಕಾರ್ಕಳದ ನಿಖಿತಾಳನ್ನು ಮದುವೆಯಾದ, ದೀಕ್ಷಿತಾಳನ್ನು ಶಿಶಿರನಿಗೆ ಕೊಟ್ಟರು. ಜಾತಕದಲ್ಲಿ ಶಿಶಿರನಿಗೆ ಎಳ್ಳಷ್ಟೂ ನಂಬಿಕೆ ಇಲ್ಲ. ತಾನು ನಂಬದ ಒಂದು ಲೆಕ್ಕಾಚಾರದ ಕೃಪೆಯಿಂದ ತನಗೆ ಈ ಹೆಂಡತಿ ಸಿಕ್ಕಳೆಂಬುದು ಅವನನ್ನು ನಾಲ್ಕು ವರ್ಷದಿಂದ ಒಳಗೊಳಗೇ ಕುಟುಕುತ್ತಿತ್ತು. ಅತ್ತೆ ಅಮ್ಮಣ್ಣಿಯಂತೂ ಯಾವ ಮುಚ್ಚುಮರೆಯೂ ಇಲ್ಲದ ಹೆಂಗಸು. ನೆಂಟರಿಷ್ಟರ ಮುಂದೆ, ಅಳಿಯನಿಗೇ ಸಾರು ಬಡಿಸುತ್ತ, "ಜಾತಕ ಒಂದು ಕೂಡಿದ್ದರೆ ಇವಳು ಇವತ್ತು ಸಲಾಲಾದಲ್ಲಿ ಇರ್ತಿದ್ದಳು" ಎಂದುಬಿಡುವರು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ದಾರಿ ತೋರಿಸುವ ಆ್ಯಪನ್ನು ಆರಿಸುವ ಕೆಲಸವನ್ನು ಶಿಶಿರ್ ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದ. ಓಡಿಸಲಿಕ್ಕಂತೂ ತನ್ನಿಂದಾಗದು, ದಾರಿಯನ್ನಾದರೂ ತಾನು ನೋಡಿಕೊಳ್ಳಬೇಕು. ಇದ್ದಬದ್ದವನ್ನೆಲ್ಲ ಜಾಲಾಡಿ ಕೊನೆಗೆ ಎರಡನ್ನು ಉಳಿಸಿದ. ಅವುಗಳ ಗುರುತಿನ ಚಿತ್ರದ ಬಣ್ಣದಿಂದ ಒಂದನ್ನು ನೀಲಿ, ಇನ್ನೊಂದನ್ನು ಹಳದಿ ಎಂದು ಮನೆಯಲ್ಲಿ ಕರೆಯುತ್ತಿದ್ದರು. ನೀಲಿಯಲ್ಲಿ ಇಡೀ ಒಮಾನಿನ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ನೆಟ್‌ವರ್ಕ್ ಇಲ್ಲದ ಮರಳುಗಾಡಿನಲ್ಲೂ ಅದು ದಾರಿ ಹೇಳುತ್ತದೆ. ಹಳದಿಗೆ ನೆಟ್‌ವರ್ಕ್ ಬೇಕು, ಆದರೆ ರಸ್ತೆಯಲ್ಲಿ ವೇಗ ಹಿಡಿಯುವ ಕ್ಯಾಮೆರಾ ಎಲ್ಲೆಲ್ಲಿ ಉಂಟು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಶಿಶಿರನ ತೀರ್ಮಾನ ನೀಲಿಯ ಪರ. ಅದಕ್ಕೆ ಕಾರಣಗಳೂ ಗಟ್ಟಿ ಇದ್ದವು.

ಅಷ್ಟರಲ್ಲಿ ಹಳದಿಯಲ್ಲಿ ಇನ್ನೊಂದು ಸೌಕರ್ಯ ಉಂಟೆಂದು ರೋಹಿತ್ ತೋರಿಸಿಕೊಟ್ಟ. ಯಂತ್ರದ ದನಿ ಬೇಡವಾದರೆ ನಮಗೆ ಬೇಕಾದವರ ದನಿಯನ್ನು ಅದರಲ್ಲಿ ತುಂಬಿಸಬಹುದು. ಮೂವತ್ತು ನಲವತ್ತು ತುಂಡು ವಾಕ್ಯಗಳನ್ನು ಒಂದೊಂದಾಗಿ ಹೇಳಿ ಕಳಿಸಿದರಾಯಿತು. ರೋಹಿತ್ ಹೇಳಿ ಕಳಿಸಿಯೂ ಆಗಿತ್ತು. ಪ್ರತಿ ತಿರುವಿಗೂ ಮೊದಲು ಒಂದು 'ದೀಕ್ಷು'.

"ಮರಳುಗಾಡಿನಲ್ಲಿ ಇದು ಬಾಯಿ ಮುಚ್ಚುತ್ತದೆ" ಎಂದ ಶಿಶಿರ್.

"ಹೊರಡುವಾಗ ದಾರಿ ಹಾಕಿಟ್ಟರೆ ಆಮೇಲೆ ನೆಟ್‌ವರ್ಕ್ ಹೋದ್ರೂ ನಡೀತದಂತೆ. ಭಾವ ಹಾಗೇ ಮಾಡುವುದಂತೆ."

ಭಾವ ಹಾಗೇ ಮಾಡುವುದಾದರೆ ಇನ್ನು ಭೌತಶಾಸ್ತ್ರಕ್ಕೆ ಕೆಲಸವಿಲ್ಲ. ಬಾಯಿ ತನಕ ಬಂದ ಈ ಮಾತನ್ನು ಶಿಶಿರ್ ದೋಸೆಯ ಜೊತೆ ನುಂಗಿದ. ಕೊನೆಗೆ ದೀಕ್ಷಿತಾಳೇ ಒಂದು ದಾರಿ ಹೇಳಿದಳು. ಬರುವ ಭಾನುವಾರ ಅಳದಂಗಡಿಗೆ ಅಮ್ಮನನ್ನು ನೋಡಲಿಕ್ಕೆ ಹೋಗಲಿಕ್ಕಿತ್ತು. ಹೋಗುವಾಗ ವೇಣೂರಿನ ದಾರಿಯಲ್ಲಿ ನೀಲಿ, ಬರುವಾಗ ಬೆಳ್ತಂಗಡಿ, ಬಂಟ್ವಾಳದ ಮೇಲೆ ಸುತ್ತಿಕೊಂಡು ಹಳದಿ. ಯಾವುದು ಕೇಳಿಕೊಂಡು ಓಡಿಸಲಿಕ್ಕೆ ಹಾಯೆನಿಸುತ್ತದೋ ಅದು ಒಮಾನಿಗೆ.

ಆ ವಾರವಿಡೀ ಶಿಶಿರನ ಕಿವಿಯಲ್ಲಿ ರೋಹಿತ್ ಕೂತಿದ್ದ. ಕ್ಲಾಸಿನಲ್ಲಿ ವೇಗ, ವೇಗೋತ್ಕರ್ಷ ಎಂದು ಬರೆಯುವಾಗ ಕಣ್ಣ ಮುಂದೆ ಬರುತ್ತಿದ್ದದ್ದು ಉದ್ದಾನುದ್ದ ನೇರ ರಸ್ತೆ, ಎರಡು ಕಡೆಯೂ ಮರಳು, ಕಾರಿನೊಳಗೆ ಅವಳು, ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದ ತಾನು, ನಡುವೆ ಆ ದನಿ. ಸಾವಿರ ಕಿಲೋಮೀಟರು ದೂರ ದೀಕ್ಷು, ದೀಕ್ಷು. ಅವಳನ್ನು ಅವನು ಕರೆಯುವುದು ದೀಕ್ಷಿ ಎಂದು. ಒಂದೇ ಒಂದು ಸ್ವರ ಬೇರೆ. ಆ ಸ್ವರವನ್ನು ರೋಹಿತ್ ಅವಳ ಬಾಲ್ಯದಲ್ಲೇ ತೆಗೆದಿಟ್ಟುಕೊಂಡಿದ್ದನಲ್ಲ ಎಂಬ ಯೋಚನೆ ಬಂದರೆ ಹೊಟ್ಟೆಯೊಳಗೆ ಯಾರೋ ಹುಣಸೆಹುಳಿ ಕಿವುಚಿದ ಹಾಗಾಗುತ್ತಿತ್ತು. ರೋಹಿತ್ ಕೆಟ್ಟವನಲ್ಲ. ಶಿಶಿರನ ಹುಟ್ಟುಹಬ್ಬಕ್ಕೆ ತಪ್ಪದೆ ಫೋನು ಮಾಡುವವನು. ಅದೂ ಶಿಶಿರನಿಗೆ ಆಗುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವನು ಲ್ಯಾಬಿನ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಟ್ಯೂನಿಂಗ್ ಫೋರ್ಕುಗಳ ಪೆಟ್ಟಿಗೆಯನ್ನು ಸರಿಸಿ ಫೋನನ್ನು ಒರಗಿಸಿ ನಿಲ್ಲಿಸಿ, ಹಳದಿಯನ್ನು ತೆರೆದು, ತನ್ನ ದನಿಯನ್ನು ತುಂಬಿಸತೊಡಗಿದ. ಒಂದೊಂದು ವಾಕ್ಯಕ್ಕೂ ಕೆಲವೇ ಸೆಕೆಂಡಿನ ಅವಕಾಶ. ಮೊದಮೊದಲು ಅವನ ವಾಕ್ಯ ಮುಗಿಯುವ ಮೊದಲೇ ಅದು ಕತ್ತರಿಸಿಬಿಡುತ್ತಿತ್ತು. "ಎಡಕ್ಕೆ ತಿರುಗು, ಆದರೆ ತಿರುಗುವ ಮೊದಲು ಹಿಂದೆ ಬರುವ ವಾಹನ" ಎಂಬಲ್ಲಿಗೆ ಖತಂ. ಮೇಷ್ಟರ ಬಾಯಿ, ಚಿಕ್ಕದರಲ್ಲಿ ಮುಗಿಸಿ ಅಭ್ಯಾಸವಿಲ್ಲ. ಹತ್ತು ಹನ್ನೆರಡು ಸಲ ಹೇಳಿ ಹೇಳಿ ಹದಕ್ಕೆ ತಂದ.

ಆಗ ಅವನಿಗೆ ಹೊಳೆದದ್ದು, ರೋಹಿತನಿಗೆ ಹೊಳೆಯದ ಒಂದು ವಿಷಯ. ಒಮಾನಿನಲ್ಲಿ ವಾಹನಗಳು ಹೋಗುವುದು ರಸ್ತೆಯ ಬಲಬದಿಯಲ್ಲಿ. ಇಲ್ಲಿನವರು ಅಲ್ಲಿ ಓಡಿಸುವಾಗ ತಪ್ಪುವುದು ತಿರುವಿನ ನಂತರವೇ. ತಿರುಗಿದ ಕೂಡಲೇ ಕೈ ಅಭ್ಯಾಸಬಲದಿಂದ ಎಡಕ್ಕೆ ಎಳೆಯುತ್ತದೆ. ಹನ್ನೊಂದು ವರ್ಷ ಅಲ್ಲೇ ಇದ್ದವನಿಗೆ ಅದು ಮರೆತುಹೋಗಿದೆ. ಹೆಂಡತಿಯ ಜೀವದ ಮೇಲೆ ಕಾಳಜಿ ಇದ್ದವನಿಗೆ ಮಾತ್ರ ನೆನಪಾಗುತ್ತದೆ. ಶಿಶಿರ್ ಎಲ್ಲ ತಿರುವಿನ ವಾಕ್ಯಗಳನ್ನೂ ಅಳಿಸಿ ಮತ್ತೆ ಹೇಳಿದ. "ಬಲಕ್ಕೆ ದೀಕ್ಷಿ, ಬಲಬದಿಯಲ್ಲೇ ಇರು." "ಎಡಕ್ಕೆ ದೀಕ್ಷಿ, ಬಲಬದಿಯಲ್ಲೇ ಇರು." ಕೇಳಿ ನೋಡಿದ. ಅವನಿಗೇ ತನ್ನ ದನಿಯ ಮೇಲೆ ಪ್ರೀತಿ ಬಂತು.

ಶನಿವಾರ ಸಂಜೆ ಅವಳು ಸ್ನಾನಕ್ಕೆ ಹೋದಾಗ ಅವಳ ಫೋನಿನಲ್ಲಿ ರೋಹಿತನನ್ನು ಅಳಿಸಿ ತನ್ನನ್ನು ಹಾಕಿದ. ಮೊದಲ ತಿರುವಿನಲ್ಲಿ ಅವಳು ಬೆರಗಾಗುತ್ತಾಳೆ, ನಗುತ್ತಾಳೆ, ಇದು ಯಾವಾಗ ಮಾಡಿದ್ದೆಂದು ಕೇಳುತ್ತಾಳೆ. ಏನು ಉತ್ತರ ಕೊಡಬೇಕೆಂಬುದನ್ನೂ ಅವನು ಸಿದ್ಧಮಾಡಿಟ್ಟುಕೊಂಡ.

ಭಾನುವಾರ ಮೋಡ ಕವಿದಿತ್ತು, ಆದರೆ ಮಳೆ ಬೀಳಲಿಲ್ಲ. ಕಾರು ಹತ್ತಿದ ಕೂಡಲೇ ಶಿಶಿರ್ ಎಂದಿನಂತೆ ಟ್ರಿಪ್ ಮೀಟರನ್ನು ಸೊನ್ನೆಗೆ ತಂದ. ಎಲ್ಲಿಗೆ ಹೊರಟರೂ ಎಷ್ಟು ದೂರವಾಯಿತೆಂದು ಅವನಿಗೆ ಗೊತ್ತಾಗಬೇಕು. ನೀಲಿಯೊಳಗಿನ ಯಂತ್ರದ ಹೆಂಗಸು ವೇಣೂರನ್ನು 'ವೆನರ್' ಮಾಡಿದಳು, ಅಳದಂಗಡಿಯನ್ನು ಬಾಯಲ್ಲಿ ಹಿಡಿಸಲಾರದೆ ಎರಡು ತುಂಡು ಮಾಡಿದಳು, ಆದರೆ ಎಲ್ಲೂ ದಾರಿ ತಪ್ಪಿಸಲಿಲ್ಲ. ತಪ್ಪದ ಕಡೆಯೂ ಶಿಶಿರ್ ಸುಮ್ಮನಿರಲಿಲ್ಲ. ಅವಳು ಎಡ ಎಂದರೆ ಇವನೂ ಎಡ ಎಂದ. ಎದುರು ಬಸ್ಸು ಬಂದಾಗ ಬಸ್ಸು ಎಂದ. ಹೊಂಡ ಕಂಡಾಗ ಹೊಂಡ ಎಂದ, ಅದನ್ನು ದಾಟಿದ ಮೇಲೆ ದೊಡ್ಡ ಹೊಂಡ ಎಂದ. ಬಾಗಿಲಿನ ಮೇಲಿನ ಹಿಡಿಯನ್ನು ಅವನು ಬಿಟ್ಟದ್ದು ಅತ್ತೆಮನೆಯ ಅಂಗಳದಲ್ಲಿ.

ಅಮ್ಮಣ್ಣಿ ಕೋಳಿಸಾರು ಮಾಡಿದ್ದರು. ಉಣ್ಣುವಾಗ ಒಮಾನಿನ ಮಾತು ಬಂತು, ಒಮಾನಿನ ಮಾತು ಬಂದರೆ ರೋಹಿತ್ ಬರಲೇಬೇಕು. ಮಗಳು ಅಷ್ಟು ದೂರ ಒಬ್ಬಳೇ ಓಡಿಸುವುದು ಹೇಗೆಂದು ಅಮ್ಮಣ್ಣಿಗೆ ಚಿಂತೆ.

"ಒಬ್ಬಳೇ ಅಲ್ಲ ಅಮ್ಮ, ಇವರು ಇರ್ತಾರಲ್ಲ" ಎಂದಳು ದೀಕ್ಷಿತಾ.

"ಇವರು ಇರ್ತಾರೆ, ಸರಿ. ದಾರಿ ಹೇಳ್ಲಿಕ್ಕೆ ಯಾರು ಉಂಟು?"

"ಭಾವ ಫೋನಿನಲ್ಲಿ ಕೂತಿದ್ದಾನೆ."

ತಾಯಿ ಮಗಳು ಇಬ್ಬರೂ ನಕ್ಕರು. ಶಿಶಿರನೂ ಈ ಸಲ ಮನಸ್ಸಿನಲ್ಲೇ ನಕ್ಕ. ಭಾವ ಫೋನಿನಿಂದ ಇಳಿದು ಒಂದು ದಿನವಾಗಿತ್ತು.

ಅಳದಂಗಡಿಯ ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಹಾಗಾಗಿ ಹಳದಿಯನ್ನು ಹಾಕಿದ್ದು ಬೆಳ್ತಂಗಡಿಯಲ್ಲಿ, ಪೆಟ್ರೋಲ್ ತುಂಬಿಸಿದ ಮೇಲೆ. ಅಲ್ಲಿಂದ ಬಂಟ್ವಾಳದ ತನಕ ಹೆದ್ದಾರಿ. ತಿರುವುಗಳಿಲ್ಲ, ಹೇಳಲಿಕ್ಕೆ ಹಳದಿಗೆ ಏನೂ ಇಲ್ಲ. ಶಿಶಿರ್ ಈಗ ಬಸ್ಸನ್ನೂ ನೋಡಲಿಲ್ಲ, ಹೊಂಡವನ್ನೂ ನೋಡಲಿಲ್ಲ. ಹಬ್ಬದ ಉಡುಗೊರೆಯನ್ನು ಬೆನ್ನ ಹಿಂದೆ ಹಿಡಿದುಕೊಂಡವನ ಹಾಗೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಬಂಟ್ವಾಳದ ಹತ್ತಿರ ರಸ್ತೆ ಅಗಲಮಾಡುವ ಕೆಲಸ ನಡೆಯುತ್ತಿತ್ತು. ಒಂದು ವಾರ ಈ ಕಡೆ ಬಿಟ್ಟರೆ ಇನ್ನೊಂದು ವಾರ ಆ ಕಡೆ ಬಿಡುತ್ತಿದ್ದರು. ಮೂಡುಬಿದಿರೆಗೆ ತಿರುಗುವ ಮೊದಲು ರಸ್ತೆಯ ನಟ್ಟನಡುವೆ ಕೆಂಪು ಬಿಳಿ ಡ್ರಮ್ಮುಗಳ ಸಾಲು. ಅದರ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ತಿಳಿಯುವ ಹಾಗಿರಲಿಲ್ಲ. ಬೋರ್ಡು ಮಳೆಗೆ ಮಗುಚಿ ಬಿದ್ದಿತ್ತು. ದೀಕ್ಷಿತಾ ಗೇರು ಇಳಿಸಿದಳು.

"ಮುಂದೆ ಬಲಕ್ಕೆ ದೀಕ್ಷಿ, ಬಲಬದಿಯಲ್ಲೇ ಇರು."

ಅವಳು ಬಲಕ್ಕೆ ಎಳೆದಳು. ಬೆರಗಾಗಲಿಲ್ಲ, ನಗಲಿಲ್ಲ, ಕಡೆಗೆ ಫೋನಿನತ್ತ ಕಣ್ಣೂ ಹಾಯಿಸಲಿಲ್ಲ. ಡ್ರಮ್ಮುಗಳ ಬಲಕ್ಕೆ ಕಾರು ನುಗ್ಗಿದ್ದೇ ತಡ, ಎದುರಿನಿಂದ ಎಕ್ಸ್‌ಪ್ರೆಸ್ ಬಸ್ಸೊಂದು ಹೆಡ್‌ಲೈಟು ಹಾಕಿ, ಹಾರ್ನ್ ಒತ್ತಿ ಹಿಡಿದು, ಇಡೀ ರಸ್ತೆ ತನ್ನದೇ ಎಂಬಂತೆ ಬಂತು. ಆ ಹೊತ್ತಿಗೆ ಅದು ತನ್ನದೇ ರಸ್ತೆಯಲ್ಲಿ ಇತ್ತು ಕೂಡ. ಶಿಶಿರನ ಕಾಲು ಇಲ್ಲದ ಬ್ರೇಕನ್ನು ಒತ್ತಿತು. ದೀಕ್ಷಿತಾಳ ಕಾಲು ಇದ್ದ ಬ್ರೇಕನ್ನು ಒತ್ತಿತು. ಎರಡು ಡ್ರಮ್ಮುಗಳ ನಡುವಿನ ಸಂದಿಗೆ ಅವಳು ಕಾರನ್ನು ತಿರುಗಿಸಿ ತೂರಿಸಿದಳು. ಎಡಗಡೆಯ ಕನ್ನಡಿ ಡ್ರಮ್ಮಿಗೆ ತಾಗಿ ಮಡಚಿಕೊಂಡಿತು. ಬಸ್ಸು ಗಾಳಿ ಹೊಡೆದು ದಾಟಿಹೋಯಿತು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಕಂಡಕ್ಟರು, ಮಲಗಲಿಕ್ಕೆ ಮನೆಯಲ್ಲಿ ಚಾಪೆ ಇಲ್ಲವೇ ಅಕ್ಕ ಎಂದು ತುಳುವಿನಲ್ಲಿ ವಿಚಾರಿಸಿಕೊಂಡು ಹೋದ.

ಅಲ್ಲಿಂದ ಸಿದ್ಧಕಟ್ಟೆಯ ತನಕ ಅವಳು ಮೂರನೇ ಗೇರಿನಲ್ಲೇ ಓಡಿಸಿದಳು. ಫೋನು ಇನ್ನೂ ಎರಡು ಸಲ "ದೀಕ್ಷಿ, ಬಲಬದಿಯಲ್ಲೇ ಇರು" ಎಂದಿತು. ಎರಡನೆಯ ಸಲ ಅವಳು ಎಡಗೈಯಿಂದ ಅದನ್ನು ಕವುಚಿ ಹಾಕಿದಳು.

ಸಿದ್ಧಕಟ್ಟೆಯಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಎರಡು ಚಾ, ಒಂದು ಪ್ಲೇಟು ಗೋಳಿಬಜೆ ಹೇಳಿದಳು. ಗೋಳಿಬಜೆ ಬಂದರೂ ಇಬ್ಬರೂ ಮುಟ್ಟಲಿಲ್ಲ. ಶಿಶಿರ್ ಎಲ್ಲವನ್ನೂ ಹೇಳಿದ: ಲ್ಯಾಬು, ಒಳಕೋಣೆ, ಶನಿವಾರ ಸಂಜೆ. ಒಮಾನಿನ ರಸ್ತೆಗೆಂದು ಹೇಳಿದ ಮಾತು ಬಂಟ್ವಾಳದ ರಸ್ತೆಯಲ್ಲೂ ಕೇಳುತ್ತದೆಂದು ತನಗೆ ಹೊಳೆಯಲೇ ಇಲ್ಲ ಎಂದ. ಇಷ್ಟು ಓದಿದವನಿಗೆ ಅದೊಂದು ಹೊಳೆಯದೇ ಹೋಯಿತು ಎಂಬುದನ್ನು ಅವಳು ಹೇಳಬಹುದೆಂದು ಕಾದ. ಅವಳು ಹೇಳಿದ್ದು ಬೇರೆ.

"ನೀವೇ ಹೇಳಿದ್ದು ಅಂತ ಅಂದ್ಕೊಂಡೆ ನಾನು."

"ನಾನೇ ಹೇಳಿದ್ದು. ಅದೇ ಹೇಳ್ತಾ ಇದ್ದೇನಲ್ಲ."

"ಫೋನಿನಲ್ಲಿ ಅಲ್ಲ ಮಾರಾಯ್ರೆ. ಪಕ್ಕದಲ್ಲಿ ಕೂತು ಹೇಳಿದ್ದು ಅಂತ." ಅವಳು ಚಾದ ಲೋಟವನ್ನು ತಿರುಗಿಸುತ್ತ ಕೂತಳು. "ರೋಹಿತ್ ಭಾವ ಹೇಳಿದ್ದರೆ ನಾನು ಒಮ್ಮೆ ರಸ್ತೆ ನೋಡಿಯೇ ತಿರುಗಿಸ್ತಿದ್ದೆ. ಅವನು ಸಲಾಲಾದಲ್ಲಿ ಕೂತವ, ಅವನಿಗೆ ಇಲ್ಲಿಯದ್ದು ಎಂತ ಗೊತ್ತುಂಟು. ನೀವು ಕಣ್ಣಾರೆ ನೋಡಿ ಹೇಳಿದ್ದು ಅಂತ ನಾನು ನೋಡದೆ ತಿರುಗಿಸಿದೆ."

ನಾಲ್ಕು ವರ್ಷದಿಂದ ಶಿಶಿರ್ ಯಾವುದಕ್ಕಾಗಿ ಒಳಗೊಳಗೇ ಕುದಿಯುತ್ತಿದ್ದನೋ ಅದು ಇಷ್ಟು ದಿನವೂ ಅವನ ಬಳಿಯೇ ಇತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಅವಳನ್ನು ಬಸ್ಸಿನ ಅಡಿಗೆ ನೂಕಲಿಕ್ಕೆ ಹೋಗಿದ್ದ.

"ಅವನ ದನಿ ನಿನಗೆ ಹಾಯೆನಿಸ್ತದೆ ಅಂತ" ಎಂದ ಕೊನೆಗೆ.

"ಹೌದು, ಅನಿಸ್ತದೆ. ಯಾಕೆ ಹೇಳಿ? ಅವನು ಒಮ್ಮೆ ಹೇಳಿ ಬಾಯಿ ಮುಚ್ಚುತ್ತಾನೆ. ನೀವು ಹೇಳುವ ಮೊದಲೂ ಹೇಳ್ತೀರಿ, ಹೇಳಿದ ಮೇಲೂ ಹೇಳ್ತೀರಿ, ಹೊಂಡ ದಾಟಿದ ಮೇಲೂ ಹೇಳ್ತೀರಿ." ಅವಳು ಒಂದು ಗೋಳಿಬಜೆ ಮುರಿದಳು. "ಹೊಟ್ಟೆಕಿಚ್ಚು ಇರಲಿ, ಬೇಡ ಅನ್ನುವುದಿಲ್ಲ. ಅದನ್ನು ನನ್ನ ಸ್ಟಿಯರಿಂಗಿಗೆ ಕಟ್ಟಬೇಡಿ."

ತೀರ್ಮಾನವನ್ನೂ ಅವಳೇ ಮಾಡಿದಳು. ಒಮಾನಿಗೆ ನೀಲಿ. ಶಿಶಿರ್ ಮೊದಲೇ ಕೊಟ್ಟಿದ್ದ ಕಾರಣಗಳು ಸರಿಯೇ ಇದ್ದವು, ನೆಟ್‌ವರ್ಕ್ ಇಲ್ಲದ ದಾರಿಗೆ ಅದೇ ಒಳ್ಳೆಯದು. ರೋಹಿತನೂ ಬೇಡ, ಶಿಶಿರನೂ ಬೇಡ, ಊರುಗಳ ಹೆಸರು ಕೆಡಿಸುವ ಆ ಯಂತ್ರದ ಹೆಂಗಸು ಇರಲಿ. "ಅವಳ ಮೇಲೆ ನಿಮಗೇನೂ ಕಿಚ್ಚಾಗುವುದಿಲ್ಲವಲ್ಲ?" ಎಂದು ಕೇಳಿದಳು. ಬೆಳಿಗ್ಗೆ ಆ ಯಂತ್ರ ಎಡ ಎಂದಾಗ ತಾನೂ ಎಡ ಎಂದದ್ದು ನೆನಪಾಗಿ ಶಿಶಿರ್ ತಲೆ ತಗ್ಗಿಸಿದ.

"ಇನ್ನೊಂದು. ಅಲ್ಲಿ ನೀವು ಕೂತುಕೊಳ್ಳುವುದು ಮುಂದೆಯಾ ಹಿಂದೆಯಾ ಅಂತ ಇವತ್ತೇ ತೀರ್ಮಾನ ಆಗಲಿ. ಇಲ್ಲಿಂದ ಮನೆ ಗೇಟಿನ ತನಕ ಒಂದು ಮಾತು ಆಡದೆ ಬಂದರೆ ಮುಂದೆ. ಬಾಯಿ ಬಿಟ್ಟರೆ ಸಾವಿರ ಕಿಲೋಮೀಟರೂ ಹಿಂದಿನ ಸೀಟು, ಸೂಟ್‌ಕೇಸಿನ ಜೊತೆ."

ಅವಳು ಮುಖದಲ್ಲಿ ನಗು ತೋರಿಸದೆ ಹೇಳಿದಳು. ಶಿಶಿರ್ ಮಡಚಿದ್ದ ಕನ್ನಡಿಯನ್ನು ಬಿಡಿಸಿ, ಗೀರನ್ನು ಬೆರಳಿನಿಂದ ಸವರಿ, ಒಳಗೆ ಕೂತ. ಟ್ರಿಪ್ ಮೀಟರನ್ನು ಮತ್ತೆ ಸೊನ್ನೆಗೆ ತಂದ. ಬಾಗಿಲಿನ ಮೇಲಿನ ಹಿಡಿಗೆ ಹೋದ ಕೈಯನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ.

ಇಳಿಜಾರಿನ ತಿರುವಿನಲ್ಲಿ ಒಂದು ಪಿಕಪ್ ಅರ್ಧ ರಸ್ತೆಗೆ ಬಂತು. ಅವನ ನಾಲಿಗೆ ಮೇಲೆ ಎದ್ದಿತು. ಅವಳು ಆಗಲೇ ಅಂಚಿಗೆ ತೆಗೆದಿದ್ದಳು. ಮುಂದೆ ಒಂದು ದನ, ಅದರ ಹಿಂದೆ ಕರು. ಕರು ಓಡುತ್ತದೋ ನಿಲ್ಲುತ್ತದೋ ಹೇಳಲಾಗದು ಎಂದು ಅವನಿಗೆ ಹೇಳಬೇಕಿತ್ತು. ಅವಳು ನಿಲ್ಲಿಸಿ, ಕರು ದಾಟುವುದನ್ನು ಕಾದಳು. ಹೊಂಡಗಳನ್ನು ಅವಳು ಒಂದೊಂದಾಗಿ ಬಳಸಿಕೊಂಡು ಹೋದಳು, ಒಂದಕ್ಕೆ ಮಾತ್ರ ಇಳಿಸಿದಳು. ಅದು ಬೇಕೆಂದೇ ಎಂದು ಅವನಿಗೆ ಅನ್ನಿಸಿತು. ಅವಳು ಎಷ್ಟು ಚೆನ್ನಾಗಿ ಓಡಿಸುತ್ತಾಳೆಂದು ಶಿಶಿರ್ ನೋಡಿದ್ದು ಅವತ್ತೇ ಮೊದಲು. ಇಲ್ಲಿಯ ತನಕ ಅವನು ರಸ್ತೆಯನ್ನಷ್ಟೇ ನೋಡಿದ್ದ.

ಮೂಡುಬಿದಿರೆಯ ಬಸ್‌ಸ್ಟ್ಯಾಂಡು ಹತ್ತಿರವಾಗುವಾಗ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ರೋಹಿತ್ ಭಾವ'. ಅವಳ ಎರಡು ಕೈಯೂ ಸ್ಟಿಯರಿಂಗಿನ ಮೇಲಿದ್ದವು. ಬೇರೆ ದಿನವಾಗಿದ್ದರೆ ಶಿಶಿರ್, ಅವಳು ಡ್ರೈವಿಂಗಿನಲ್ಲಿ ಇದ್ದಾಳೆ ಎಂದು ಹೇಳಿ ಇಟ್ಟುಬಿಡುತ್ತಿದ್ದ, ಹೇಳುವಾಗ ದನಿ ಸ್ವಲ್ಪ ದಪ್ಪಮಾಡಿಕೊಳ್ಳುತ್ತಿದ್ದ. ಇವತ್ತು ಬಾಯಿ ತೆರೆಯುವ ಹಾಗಿರಲಿಲ್ಲ. ಸ್ಪೀಕರ್ ಒತ್ತಿ ಅವಳ ಮುಂದೆ ಹಿಡಿದ.

"ದೀಕ್ಷು, ಎಂತ ಆಯ್ತು? ಯಾವುದು ಪಾಸು?"

"ನೀಲಿ, ಭಾವ. ಇವರು ಆರಿಸಿದ್ದು."

"ನನ್ನ ದನಿ ಫೇಲಾ ಹಾಗಾದರೆ? ನಿಖಿತಾ ಸಹ ಅವಳ ಫೋನಿನಿಂದ ಮೊನ್ನೆಯೇ ತೆಗೆದುಹಾಕಿದಳು. ಕಾರಿನಲ್ಲೂ ನೀವೇ ಬೇಕಾ ಅಂತ ಕೇಳ್ತಾಳೆ. ಶಿಶಿರ್ ಭಾವ ಇಲ್ಲವಾ ಅಲ್ಲಿ? ಮಾತೇ ಇಲ್ಲ."

"ಇದ್ದಾರೆ. ಪರೀಕ್ಷೆ ಬರೀತಾ ಇದ್ದಾರೆ."

ರೋಹಿತ್ ನಕ್ಕ. ಒಳ್ಳೆಯ ನಗು, ಕೇಳುವವರಿಗೂ ನಗಬೇಕೆನಿಸುವಂಥದು. ಶಿಶಿರನ ಹೊಟ್ಟೆಯೊಳಗೆ ಅದೇ ಜಾಗದಲ್ಲಿ ಅದೇ ಹುಳಿ ಒಮ್ಮೆ ಕಿವುಚಿದ ಹಾಗಾಯಿತು. ಮೊದಲಿಗಿಂತ ಕಡಿಮೆಯೋ ಎಂದು ಅವನು ಗಮನವಿಟ್ಟು ನೋಡಿದ. ಅದನ್ನು ಅಳೆಯುವ ಸಾಧನ ಅವನ ಬಳಿ ಇರಲಿಲ್ಲ. ಕರೆ ಮುಗಿಯುವ ತನಕ ಫೋನನ್ನು ಕೈ ಅಲುಗದ ಹಾಗೆ ಹಿಡಿದುಕೊಂಡಿದ್ದ.

ಗೇಟಿನ ಮುಂದೆ ಕಾರು ನಿಂತಿತು. ದೀಕ್ಷಿತಾ ಇಂಜಿನ್ ಆರಿಸುವ ಮೊದಲು ಮೀಟರಿನತ್ತ ಬೆರಳು ತೋರಿಸಿದಳು. ಶಿಶಿರ್ ಬಗ್ಗಿ ಓದಿದ. ಸಿದ್ಧಕಟ್ಟೆಯಿಂದ ಗೇಟಿನವರೆಗೆ, ಒಂದು ಮಾತೂ ಇಲ್ಲದೆ, ಹದಿನಾಲ್ಕು ಪಾಯಿಂಟ್ ಆರು ಕಿಲೋಮೀಟರ್.